1,500ರ ಕೋಟಾ: ಪೂರ್ತಿ ಉಣ್ಣಬೇಕಾ, ಉಳಿಸಬೇಕಾ?

ತೂಕ ಇಳಿಸಲು ದಿನಕ್ಕೆ 1,500 ಕ್ಯಾಲೊರಿಯ ಕೋಟಾ ಹಾಕಿಕೊಂಡು ಪ್ರಯತ್ನಿಸಿದ್ದು ಮೂರು ಸಲ, ಎಂಟೆಂಟು ವಾರ. ಮೊದಲ ಸಲ ದಿನದ ಕೋಟಾದಲ್ಲಿ 400 ಕ್ಯಾಲೊರಿ ಉಳಿಸಿದೆ. ಎರಡನೇ ಸಲ ಕೋಟಾ ಪೂರ್ತಿ ಉಂಡೆ. ಮೂರನೇ ಸಲ ವಾರದ ಲೆಕ್ಕ ಹಿಡಿದು, ಆರು ದಿನ ಸ್ವಲ್ಪ ಸ್ವಲ್ಪ ಕೂಡಿಟ್ಟು ಭಾನುವಾರ ಖರ್ಚು ಮಾಡಿದೆ. ಮೂರನ್ನೂ ಕಲಬುರಗಿಯ ನಮ್ಮ ಮನೆಯ ಅಡುಗೆಯಲ್ಲೇ ಮಾಡಿದ್ದು. ಓಟ್ಸ್ ಇಲ್ಲ, ಪುಡಿ ಕಲಸಿ ಕುಡಿಯುವುದು ಇಲ್ಲ. ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಪೂರ್ತಿ ಉಣ್ಣುವುದೇ ಸರಿ ಎಂದು ಈಗ ನನಗೆ ಖಾತ್ರಿಯಾಗಿದೆ. ಆದರೆ ಆ ಮಾತಿಗೆ ಒಂದು ಷರತ್ತಿದೆ, ಅದು ರೊಟ್ಟಿಯ ತೂಕದಲ್ಲಿದೆ.

ಕೋಟಾ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಮಂದಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ನನಗೆ 42 ವರ್ಷ, ಎತ್ತರ 158 ಸೆಂಟಿಮೀಟರ್, ಶುರುವಿನಲ್ಲಿ ತೂಕ 76 ಕಿಲೊ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಲ್ಲಿ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು, ವಯಸ್ಸಿನ ಐದು ಪಟ್ಟು ಕಳೆಯಬೇಕು. ಕೊನೆಗೆ ಹೆಂಗಸರಾದರೆ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ನನ್ನ ಲೆಕ್ಕ 1,376 ಬಂತು. ಇದು ಹಾಸಿಗೆ ಬಿಟ್ಟು ಏಳದಿದ್ದರೂ ದೇಹ ಸುಡುವ ಪಾಲು. ನಾನು ಹೈಸ್ಕೂಲ್ ಟೀಚರ್, ದಿನಾ ಬೆಳಿಗ್ಗೆ ನಮ್ಮೂರಿನ ಅಪ್ಪನ ಕೆರೆಯ (ಶರಣಬಸವೇಶ್ವರ ಕೆರೆ) ದಂಡೆಗುಂಟ ನಡೆಯುತ್ತೇನೆ. ಹಗುರ ಓಡಾಟದವರಿಗೆ 1.375ರಿಂದ ಗುಣಿಸುತ್ತಾರೆ. 1,893 ಆಯಿತು. ಇಷ್ಟು ಉಂಡರೆ ತೂಕ ಇದ್ದಲ್ಲೇ ಇರುತ್ತದೆ. ಅದರಲ್ಲಿ ಸುಮಾರು 400 ಕಡಿಮೆ ಮಾಡಿ 1,500 ಅಂತ ಇಟ್ಟುಕೊಂಡೆ.

ಅಂದರೆ 1,500 ಅನ್ನುವುದರಲ್ಲಿ ಕಡಿತ ಆಗಲೇ ಆಗಿ ಹೋಗಿದೆ. ನಾನು ಇದನ್ನು ಮನಸ್ಸಿಗೆ ತಂದುಕೊಳ್ಳದೆ, ಕಡಿತದ ಮೇಲೆ ಮತ್ತೊಂದು ಕಡಿತ ಹಾಕಿದೆ.

ಶ್ರಾವಣದಲ್ಲಿ ಶುರು ಮಾಡಿದೆ. ನಮ್ಮ ಕಡೆ ಶ್ರಾವಣ ಸೋಮವಾರ ಉಪಾಸ ಇರುವವರು ಮನೆಗೊಬ್ಬರು, ಹಾಗಾಗಿ ಕಡಿಮೆ ಉಂಡರೆ ಯಾರೂ ಕೇಳುವುದಿಲ್ಲ. 1,500 ಇದ್ದಲ್ಲಿ 1,100ಕ್ಕೆ ನಿಲ್ಲಿಸುವುದು. ಬೆಳಿಗ್ಗೆ ಚಹಾ, ಅರ್ಧ ವಾಟಿ ಸುಸಲಾ. ಮಧ್ಯಾಹ್ನ ಒಂದು ರೊಟ್ಟಿ, ಬೇಳೆ, ಪಲ್ಯ. ರಾತ್ರಿ ಒಂದು ರೊಟ್ಟಿ, ಮಜ್ಜಿಗೆ. ಮೊದಲ ಹತ್ತು ದಿನದಲ್ಲಿ 2.2 ಕಿಲೊ ಇಳಿಯಿತು. ಆ ಖುಷಿಯಲ್ಲಿ ಒಂದು ವಿಷಯ ಮರೆತೆ. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಊಟ ಒಮ್ಮೆಲೇ ತಗ್ಗಿದಾಗ ಮೊದಲು ಖಾಲಿಯಾಗುವುದು ಅದೇ. ತಕ್ಕಡಿ ತೋರಿಸಿದ್ದು ಬಹುಪಾಲು ನೀರು.

ಮೂರನೇ ವಾರದಿಂದ ಇಳಿತ ನಿಂತಿತು. ನಾಲ್ಕನೇ ವಾರದಲ್ಲಿ ನಾನು ಎರಡನೇ ಪಿರಿಯಡ್‌ಗೇ ಕುರ್ಚಿ ಎಳೆದುಕೊಂಡು ಕೂತು ಪಾಠ ಮಾಡುತ್ತಿದ್ದೆ. ಹದಿನೇಳು ವರ್ಷದ ಕೆಲಸದಲ್ಲಿ ಕೂತು ಪಾಠ ಮಾಡಿದವಳಲ್ಲ. ಒಂದು ಹುಡುಗಿ ಎದ್ದು ನಿಂತು, "ಟೀಚರ್, ಆರಾಮ ಇಲ್ಲೇನ್ರಿ?" ಅಂತ ಕೇಳಿದಳು. ಊಟ ಬಹಳ ತಗ್ಗಿದಾಗ ದೇಹ ತನಗೇ ಗೊತ್ತಿಲ್ಲದಂತೆ ಓಡಾಟ ತಗ್ಗಿಸುತ್ತದೆ: ಕೂರುವುದು ಜಾಸ್ತಿ, ಏಳುವುದು ಕಡಿಮೆ, ಮೇಲಿನ ಮಹಡಿಯ ಕೆಲಸ ನಾಳೆಗೆ. ನಾನು ಊಟದಲ್ಲಿ ಉಳಿಸಿದ್ದನ್ನು ದೇಹ ಖರ್ಚಿನಲ್ಲಿ ಉಳಿಸಿಕೊಳ್ಳುತ್ತಿತ್ತು.

ಆಮೇಲೆ ರಾತ್ರಿಗಳು. ಅವು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಒಂದು ರಾತ್ರಿ ಎರಡು ಗಂಟೆಗೆ ಎಚ್ಚರಾಯಿತು. ನೀರು ಕುಡಿಯೋಣ ಅಂತ ಅಡುಗೆಮನೆಗೆ ಹೋದೆ, ದೀಪ ಹಾಕಲಿಲ್ಲ. ಫ್ರಿಜ್ ಪಕ್ಕದ ಹಲಗೆಯ ಮೇಲೆ ಸ್ಟೀಲ್ ಡಬ್ಬಿ, ಅದರಲ್ಲಿ ಅತ್ತೆ ನಾಗರ ಪಂಚಮಿಗೆ ಕಟ್ಟಿ ಉಳಿದ ಶೇಂಗಾ ಉಂಡಿ. ಮುಚ್ಚಳ ಸದ್ದಾಗದಂತೆ ಸೆರಗು ಸುತ್ತಿ ತೆಗೆದೆ. ನಿಂತಲ್ಲೇ ಮೂರು ತಿಂದೆ. ಬೆಲ್ಲ ಹಲ್ಲಿಗೆ ಹತ್ತಿದ್ದು ಇನ್ನೂ ಹೋಗಿರಲಿಲ್ಲ, ನಾಲ್ಕನೆಯದಕ್ಕೆ ಕೈ ಹೋಗಿತ್ತು. ಮರುದಿನ ಡಬ್ಬಿಯಲ್ಲಿದ್ದ ಒಂದನ್ನು ತೂಗಿದರೆ 40 ಗ್ರಾಂ, ಸುಮಾರು 190 ಕ್ಯಾಲೊರಿ. ಮೂರಕ್ಕೆ 570. ಹಗಲೆಲ್ಲ ಹಲ್ಲು ಕಚ್ಚಿ ಉಳಿಸಿದ್ದು 400. ವಾರಕ್ಕೆರಡು ಸಲವಾದರೂ ಹೀಗೆ ಆಗುತ್ತಿತ್ತು, ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ.

ಅಮೆರಿಕದ ಮಿನ್ನೆಸೋಟಾದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರಿಗೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ ಮಾತ್ರ ಕೊಟ್ಟು ಪರೀಕ್ಷೆ ಮಾಡಿದ್ದರು. ಅವರು ತೆಳ್ಳನೆಯ ಆರೋಗ್ಯವಂತರು, ವಾರಕ್ಕೆ 35 ಕಿಲೊಮೀಟರ್ ನಡೆಯಬೇಕಿತ್ತು, ನನ್ನ ಸ್ಥಿತಿಗೂ ಅವರದಕ್ಕೂ ನೇರ ಹೋಲಿಕೆ ಸಲ್ಲದು. ಆದರೂ ಅವರು ಹಗಲು ರಾತ್ರಿ ಅನ್ನದ್ದೇ ಧ್ಯಾನದಲ್ಲಿ ಇದ್ದರು, ಸಿಡುಕುತ್ತಿದ್ದರು, ಮಂಕಾಗಿದ್ದರು ಎಂದು ಓದಿದಾಗ ನನಗೆ ಆ ಡಬ್ಬಿ ನೆನಪಾಯಿತು. ನನ್ನದು ನಾಲಗೆ ಚಪಲ ಅಂತ ಬೈದುಕೊಳ್ಳುತ್ತಿದ್ದೆ. ಅದು ಹಸಿವು.

ಎಂಟು ವಾರಕ್ಕೆ 76ರಿಂದ 73.4. ಒಟ್ಟು 2.6 ಕಿಲೊ. ದಸರೆಯಿಂದ ದೀಪಾವಳಿವರೆಗೆ ಲೆಕ್ಕ ಬಿಟ್ಟು ಮನೆಯವರಂತೆ ಉಂಡೆ, 1.2 ಕಿಲೊ ವಾಪಸ್ ಬಂತು. ದೀಪಾವಳಿ ಹೊತ್ತಿಗೆ ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಚರ್ಮದ ಡಾಕ್ಟರು ಮೊದಲು ಕೇಳಿದ್ದೇ, "ಎರಡು ಮೂರು ತಿಂಗಳ ಹಿಂದೆ ಊಟ ಕಡಿಮೆ ಮಾಡಿದ್ರಾ?" ಅಂತ. ಒಮ್ಮೆಲೇ ಊಟ ತಗ್ಗಿಸಿದರೆ ಕೂದಲು ಆಗಲೇ ಉದುರುವುದಿಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ ಉದುರುತ್ತದೆ.

ಎರಡನೇ ಸಲಕ್ಕೆ ಮೊದಲು ಸೂಪರ್ ಮಾರ್ಕೆಟ್ ಬಳಿಯ ಪಾತ್ರೆ ಅಂಗಡಿಯಲ್ಲಿ ಒಂದು ಡಿಜಿಟಲ್ ತಕ್ಕಡಿ ಕೊಂಡೆ. ಮುಂಚೆ ಹೇಳಿದ ಷರತ್ತು ಇಲ್ಲಿದೆ. ಫೋನಿನ ಆಪ್‌ನಲ್ಲಿ ಜೋಳದ ರೊಟ್ಟಿ ಒಂದಕ್ಕೆ 120 ಅಂತ ಇತ್ತು, ನಾನೂ ಹಾಗೇ ಬರೆಯುತ್ತಿದ್ದೆ. ಒಂದು ಸಂಜೆ ಅತ್ತೆ ಪರಾತದಲ್ಲಿ ಹಿಟ್ಟು ಹಾಕುವ ಮುಂಚೆ ತೂಗಿದೆ: 500 ಗ್ರಾಂ. ಬಿಸಿನೀರು ಹೊಯ್ದು ನಾದಿದರು, ಬಡಿದರು, ಹಂಚಿಗೆ ಹಾಕಿದರು, ನೀರು ಸವರಿದರು. ಎಣಿಸಿದೆ, ಎಂಟು ರೊಟ್ಟಿ. ಒಂದಕ್ಕೆ 62 ಗ್ರಾಂ ಹಿಟ್ಟು. ಜೋಳ 100 ಗ್ರಾಂಗೆ ಸುಮಾರು 334 ಕ್ಯಾಲೊರಿ. ಹಾಗಾದರೆ ನಮ್ಮ ಮನೆಯ ರೊಟ್ಟಿ 207. ಅತ್ತೆ ಹಂಚಿನ ಮೇಲಿಂದ ಕಣ್ಣೆತ್ತಿ, "ರೊಟ್ಟಿ ತೂಗೋದು ಎಲ್ಲೂ ಕಂಡಿಲ್ಲವ್ವಾ. ಸಣ್ಣ ಬಡೀಲೇನು ನಿನಗ?" ಅಂದರು. ಆವತ್ತಿನಿಂದ ನನ್ನ ಪಾಲಿನವು 50 ಗ್ರಾಮಿನವು, ಬೇರೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಅಂದರೆ ಶ್ರಾವಣದಲ್ಲಿ ನಾನು ಬರೆದ 1,100 ನಿಜಕ್ಕೂ 1,270ರ ಸುಮಾರು ಇತ್ತು. ಇದನ್ನು ಮುಚ್ಚಿಟ್ಟು ಎರಡನ್ನೂ ಹೋಲಿಸಿದರೆ ಅನ್ಯಾಯವಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಆದರೂ ಆ ಲೆಕ್ಕದಲ್ಲಿ ನಾಲ್ಕೂವರೆ ಕಿಲೊ ಇಳಿಯಬೇಕಿತ್ತು, ಇಳಿದದ್ದು 2.6. ಉಳಿದದ್ದು ಉಂಡಿ ಡಬ್ಬಿಗೂ ಕುರ್ಚಿಗೂ ಹೋಯಿತು.

ಎಣ್ಣೆಗೆ ಒಂದು ಉಪಾಯ ಸಿಕ್ಕಿತು. ಚಮಚ ಅಳೆಯಲು ಹೋಗಬೇಡಿ, ಅಡುಗೆ ಮಾಡುವವರಿಗೆ ಕಿರಿಕಿರಿ. ಎಣ್ಣೆ ಡಬ್ಬಿಯನ್ನೇ ಅಡುಗೆಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತೂಗಿ. ನಮ್ಮಲ್ಲಿ ಎಣ್ಣೆ ಬದನೆಕಾಯಿ ಮಾಡಿದ ದಿನ ನಾಲ್ಕು ಜನಕ್ಕೆ 88 ಗ್ರಾಂ ಕಡಿಮೆಯಾಗಿತ್ತು, ತಲೆಗೆ 22 ಗ್ರಾಂ, 198 ಕ್ಯಾಲೊರಿ. ಬದನೆಕಾಯಿಗೆ ತುಂಬಿದ ಶೇಂಗಾ, ಎಳ್ಳು ಬೇರೆ. ಬದನೆಕಾಯಿ ತಿನ್ನುವುದನ್ನು ನಾನು ಬಿಡಲಿಲ್ಲ, ಬುಡದ ಎಣ್ಣೆ ಬಸಿದು ಬಡಿಸಿಕೊಳ್ಳುತ್ತೇನೆ.

ಹೀಗೆ ಲೆಕ್ಕ ಗಟ್ಟಿ ಮಾಡಿಕೊಂಡು 1,500 ಪೂರ್ತಿ ಉಂಡೆ. ಮಧ್ಯಾಹ್ನ 50 ಗ್ರಾಮಿನ ಎರಡು ರೊಟ್ಟಿ, 334. 40 ಗ್ರಾಂ ತೊಗರಿ ಬೇಳೆ, 130. ಪುಂಡಿ ಪಲ್ಯ ಎರಡು ಚಮಚ ಎಣ್ಣೆಯಲ್ಲಿ, 120ರಷ್ಟು. ಒಂದು ವಾಟಿ ಮೊಸರು, 60. ತೊಗರಿಯ ಸೀಮೆಯಲ್ಲಿ ಇದ್ದುಕೊಂಡು ನಾನು ಬೇಳೆಯನ್ನೇ ತಗ್ಗಿಸಿದ್ದೆನಲ್ಲ, ಅದು ನನಗೆ ಬಹಳ ಬೇಸರದ ಸಂಗತಿ. 100 ಗ್ರಾಂ ತೊಗರಿ ಬೇಳೆಯಲ್ಲಿ 21–22 ಗ್ರಾಂ ಪ್ರೋಟೀನ್ ಇದೆ. 1,100ರಲ್ಲಿ ನನಗೆ ಸಿಗುತ್ತಿದ್ದ ಪ್ರೋಟೀನ್ 35 ಗ್ರಾಂ ದಾಟುತ್ತಿರಲಿಲ್ಲ. ಈಗ ಗಟ್ಟಿ ಬೇಳೆ, ಮೊಸರು, ಸಂಜೆ ಮೊಳಕೆ ಹೆಸರು ಸೇರಿ 55ರಿಂದ 60. ತೂಕ ಇಳಿಯುವಾಗ ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸಣ್ಣ ಕೋಟಾದಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಪೂರ್ತಿ ಉಣ್ಣಿ ಎಂದು ನಾನು ಹೇಳುವುದಕ್ಕೆ ಹಸಿವಿಗಿಂತ ದೊಡ್ಡ ಕಾರಣ ಇದು.

ಮೊದಲ ಎರಡು ವಾರ ತಕ್ಕಡಿ ಅಲುಗಲಿಲ್ಲ. ಭಯವಾಯಿತು, ಮತ್ತೆ ಕಡಿಮೆ ಮಾಡಬೇಕೇನೋ ಅನಿಸಿತು. ಹೆಂಗಸರಿಗೆ ಇದೊಂದು ಮಾತು: ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದು ಒಂದು ಒಂದೂವರೆ ಕಿಲೊ ಏರಿಸಿ ತೋರಿಸಬಹುದು. ದಿನಾ ತೂಗಿ, ವಾರದ ಸರಾಸರಿ ಬರೆದು, ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿದರೆ ಮಾತ್ರ ಸತ್ಯ ಕಾಣುತ್ತದೆ. ಎಂಟು ವಾರ ಮುಗಿದಾಗ 74.6 ಇದ್ದದ್ದು 72. ಅದೇ 2.6 ಕಿಲೊ. ಸೂತ್ರದ ಪ್ರಕಾರ, ಒಂದು ಕಿಲೊ ಕೊಬ್ಬಿಗೆ 7,700 ಕ್ಯಾಲೊರಿ ಹಿಡಿದರೆ, 2.7 ಇಳಿಯಬೇಕಿತ್ತು. ಲೆಕ್ಕಕ್ಕೂ ದೇಹಕ್ಕೂ ತಾಳೆ ಬಿದ್ದದ್ದು ಅದೇ ಮೊದಲು. ರಾತ್ರಿ ಎಚ್ಚರವಾಗಲಿಲ್ಲ. ಪಾಠ ನಿಂತೇ ಮಾಡಿದೆ.

ಎರಡೂ ಸಲ ಇಳಿದದ್ದು ಅಷ್ಟೇ ಅಲ್ಲವಾ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದರು. ಹೌದು, ಅಷ್ಟೇ. ಆದರೆ ಮೊದಲ ಸಲದ್ದರಲ್ಲಿ ಅರ್ಧದ ಹತ್ತಿರ ಮೂರು ನಾಲ್ಕು ವಾರದಲ್ಲಿ ವಾಪಸ್ ಬಂತು, ಎರಡನೇ ಸಲದ್ದು ಬರಲಿಲ್ಲ.

ವಾರದ ಲೆಕ್ಕವನ್ನು ಎಳ್ಳ ಅಮಾವಾಸ್ಯೆಯ ವಾರ ಶುರು ಮಾಡಿದೆ. ಆರು ದಿನ 1,400, ಭಾನುವಾರ 2,100. ಒಟ್ಟು ಅದೇ 10,500. ಹಬ್ಬದ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಿಗೆ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಂಡೆ, ಕೂಡಿಟ್ಟದ್ದರಲ್ಲೇ ಖರ್ಚು, ಮನಸ್ಸಿಗೆ ಭಾರ ಇಲ್ಲ. ಆದರೆ ಪ್ರತಿ ಭಾನುವಾರಕ್ಕೂ ಇದನ್ನು ಹಚ್ಚಿದಾಗ ಹಿಡಿತ ಸಡಿಲಾಯಿತು. ಮದುವೆ ಊಟ, ಬೀಗರ ಮನೆ, ಸಂಜೆಗೆ ಮಿರ್ಚಿ ಭಜಿ. ಇವನ್ನು ತೂಗಲು ಬರುವುದಿಲ್ಲ, ಕಣ್ಣಂದಾಜಿಗೆ 2,100 ಅಂದದ್ದು 2,600 ಆಗಿರುತ್ತದೆ. ಎಂಟು ವಾರಕ್ಕೆ 1.7 ಕಿಲೊ ಇಳಿಯಿತು, ಲೆಕ್ಕದಂತೆ ಹತ್ತಿರ ಎರಡೂವರೆ ಆಗಬೇಕಿತ್ತು. ಹಾಗಾಗಿ ಈ ದಾರಿಯನ್ನು ವರ್ಷದ ಎಂಟು ಹತ್ತು ಹಬ್ಬಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ನಡೆದು ಸುಟ್ಟದ್ದನ್ನು ಕೋಟಾಕ್ಕೆ ಸೇರಿಸಿ ಉಣ್ಣಬಹುದಾ ಎಂದು ಕೇಳುವವರಿದ್ದಾರೆ. ನನ್ನ ಕೋಟಾದಲ್ಲಿ 1.375 ಅಂತ ಗುಣಿಸಿದಾಗಲೇ ಆ ನಡಿಗೆ ಸೇರಿಹೋಗಿದೆ. ಕೈಗಡಿಯಾರ 300 ಸುಟ್ಟೆ ಅಂದರೂ ಅದನ್ನು ಮತ್ತೆ ಸೇರಿಸಿದರೆ ಒಂದೇ ಖರ್ಚನ್ನು ಎರಡು ಸಲ ಬರೆದಂತೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು ಈ ಯಾವುದನ್ನೂ ಡಾಕ್ಟರನ್ನು ಕೇಳದೆ ಹಿಡಿಯಬಾರದು. ಊಟ ತಗ್ಗಿ ಔಷಧಿ ಅಷ್ಟೇ ಇದ್ದರೆ ರಕ್ತದ ಸಕ್ಕರೆ ದಿಢೀರ್ ಇಳಿದು ಜೀವಕ್ಕೇ ಅಪಾಯ.

ಈಗ ಶರಣಬಸವೇಶ್ವರ ಅಪ್ಪನ ಜಾತ್ರೆ ಮುಗಿದು ಬಿಸಿಲು ಏರಿದೆ, ನಡಿಗೆ ಐದೂವರೆಗೇ ಶುರುವಾಗುತ್ತದೆ. ತೂಕ 70.3. ಈ ತೂಕಕ್ಕೆ ಸೂತ್ರ ಮತ್ತೆ ಹಾಕಿದರೆ ಇದ್ದಲ್ಲೇ ಇರಲು ಬೇಕಾದದ್ದು 1,814ಕ್ಕೆ ಇಳಿದಿದೆ; ಕೋಟಾ 1,500ರಲ್ಲೇ ಇಟ್ಟರೆ ಒಂದು ಕಿಲೊಗೆ ಇಪ್ಪತ್ತೈದು ದಿನ ಹಿಡಿಯುತ್ತದೆ. ಇಟ್ಟಿದ್ದೇನೆ. ನಿನ್ನೆ ರಾತ್ರಿ ಪುಸ್ತಕದಲ್ಲಿ 200 ಉಳಿದಿತ್ತು. ಅತ್ತೆ ರೊಟ್ಟಿ ಸುತ್ತಿಟ್ಟ ಬಟ್ಟೆ ಬಿಚ್ಚಿ, "ಒಂದು ಉಳದದ ನೋಡವ್ವಾ, ನಿನ್ನ ಲೆಕ್ಕದಾಗ ಬರ್ತದೇನು?" ಅಂದರು. ಬರುತ್ತದೆ ಅಂದೆ. ಹಂಚಿನ ಮೇಲೆ ಇನ್ನೊಮ್ಮೆ ಬಿಸಿ ಮಾಡಿ ಕೊಟ್ಟರು, ಮಜ್ಜಿಗೆಯ ಜೊತೆ ಉಂಡೆ.