ಪೆಂಟ್ರಿಜ್: ಜೈಲಿನ ಗೋಡೆಯೊಳಗಿನ ಹೊಸ ಪೇಟೆ

ಮೆಲ್ಬರ್ನ್ ನಗರದ ಉತ್ತರಕ್ಕಿರುವ ಕೋಬರ್ಗ್ ಬಡಾವಣೆಯಲ್ಲಿ 1850ರ ದಶಕದಿಂದ 1997ರವರೆಗೆ ಕೈದಿಗಳನ್ನು ಇರಿಸಿಕೊಂಡಿದ್ದ ಪೆಂಟ್ರಿಜ್ ಜೈಲು ಈಗ ಅಪಾರ್ಟ್‌ಮೆಂಟ್, ಸೂಪರ್‌ಮಾರ್ಕೆಟ್, ಚಿತ್ರಮಂದಿರ, ಹೋಟೆಲುಗಳಿರುವ ಪೇಟೆಯಾಗಿದೆ. ಸಿಡ್ನಿ ರಸ್ತೆಯಲ್ಲಿ 19ನೇ ನಂಬರಿನ ಟ್ರಾಮ್ ಇಳಿದರೆ ಕಪ್ಪು ಕಲ್ಲಿನ ಎತ್ತರದ ಗೋಡೆ ಮೊದಲು ಕಣ್ಣಿಗೆ ಬೀಳುತ್ತದೆ. ಕೈದಿಗಳೇ ಕೆತ್ತಿದ ಈ ಕಲ್ಲುಗಳ ಮೇಲೆ ಉಳಿಯ ಏಟುಗಳು ಸಾಲುಸಾಲಾಗಿ ಈಗಲೂ ಉಳಿದಿದ್ದು, ಬೆರಳಾಡಿಸಿದರೆ ಅವುಗಳ ಒರಟುತನ ಕೈಗೆ ತಗಲುತ್ತದೆ.

ಪೇಟೆಯಾಗಿ ನೋಡಿದರೆ ಇದು ಯಶಸ್ವಿ ಯೋಜನೆಯೆಂದೇ ಹೇಳಬೇಕು. ದಿನಸಿ, ಊಟ, ಸಿನಿಮಾ ಮೂರೂ ನಡೆದುಹೋಗುವ ದೂರದಲ್ಲಿ ಸಿಗುತ್ತವೆ. ನಡುವಿನ ಅಂಗಳದಲ್ಲಿ ಮಕ್ಕಳು ಆಡಿಕೊಂಡಿರುತ್ತಾರೆ. ಆದರೆ ಹೊಸ ಕಟ್ಟಡಗಳು ಹಳೆಯದಕ್ಕೆ ಮೈತಾಗುವಂತೆ ಎದ್ದಿರುವುದರಿಂದ, ಒಂದು ಕಾಲಕ್ಕೆ ಇಡೀ ಬಡಾವಣೆಯ ಮೇಲೆ ಕಣ್ಣಿಟ್ಟಿದ್ದ ಕಾವಲು ಗೋಪುರಗಳು ಈಗ ಅಪಾರ್ಟ್‌ಮೆಂಟುಗಳ ಬುಡದಲ್ಲಿ ಕುಳ್ಳಾಗಿ ಕಾಣುತ್ತವೆ. ಬೆಲೆಬಾಳುವ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಏರುವುದು ಸಹಜವೇ, ಆದರೂ ಕೆಲವು ಮಹಡಿಗಳನ್ನು ಕೈಬಿಟ್ಟಿದ್ದರೆ ಹಳೆಯ ಕಟ್ಟಡಗಳಿಗೆ ಉಸಿರಾಡಲು ಜಾಗವಿರುತ್ತಿತ್ತು.

ಜೈಲಿನ ವಿಭಾಗಗಳಲ್ಲೊಂದಾದ ಬಿ ಡಿವಿಷನ್ನಿನ ಹಲವು ಸೆಲ್‌ಗಳನ್ನು ಒಂದಕ್ಕೊಂದು ಸೇರಿಸಿ ಹೋಟೆಲಿನ ಐಷಾರಾಮಿ ಕೋಣೆಗಳನ್ನಾಗಿ ಮಾಡಲಾಗಿದೆ. ಕಿಟಕಿ ಎತ್ತರದಲ್ಲಿದೆ, ಚಾವಣಿ ಕಮಾನಿನದು, ಬಾಗಿಲು ದಾಟುವಾಗಲೇ ಗೋಡೆ ಎಷ್ಟು ದಪ್ಪವೆಂದು ತಿಳಿಯುತ್ತದೆ. ಕೆಲಸ ನಾಜೂಕಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಒಬ್ಬನನ್ನು ಒಂಟಿಯಾಗಿ ಕೂಡಿಹಾಕಲೆಂದೇ ಕಟ್ಟಿದ ಜಾಗದಲ್ಲಿ ಮಧುಚಂದ್ರ ಕಳೆಯುವ ಆಸೆ ಮಾತ್ರ ನನಗಿಲ್ಲ.

ನನ್ನ ತಕರಾರು ಇರುವುದು ಡಿ ಡಿವಿಷನ್ನಿನ ವಿಚಾರದಲ್ಲಿ. ಆಸ್ಟ್ರೇಲಿಯಾದಲ್ಲಿ ಗಲ್ಲಿಗೇರಿದ ಕೊನೆಯ ವ್ಯಕ್ತಿ ರೊನಾಲ್ಡ್ ರಯಾನ್ 1967ರ ಫೆಬ್ರವರಿ 3ರಂದು ಸತ್ತದ್ದು ಇಲ್ಲಿಯೇ, ಮತ್ತು ಆ ಗಲ್ಲಿನ ವಿರುದ್ಧ ಎದ್ದ ಪ್ರತಿಭಟನೆಯ ಬಳಿಕ 1975ರಲ್ಲಿ ವಿಕ್ಟೋರಿಯಾ ರಾಜ್ಯ ಮರಣದಂಡನೆಯನ್ನೇ ರದ್ದುಪಡಿಸಿತು. ಅಂಥ ಕಟ್ಟಡದ ಸೆಲ್‌ಗಳನ್ನು ವೈನ್ ಬಾಟಲಿ ಇಡುವ ಉಗ್ರಾಣಗಳನ್ನಾಗಿ ಮಾಡಿದ್ದು ವ್ಯಾಪಾರಕ್ಕೆ ಸರಿಹೊಂದಬಹುದು, ಔಚಿತ್ಯಕ್ಕಲ್ಲ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆದಾಗ ಅಲ್ಲಿ ಮಾರಾಟಕ್ಕೆ ಮನೆಗಳೇಳಲಿಲ್ಲ, ಧರಣಿ ಕೂರುವವರಿಗೆ ಜಾಗ ಸಿಕ್ಕಿತು. ಹಣ ಹುಟ್ಟದ ಆ ದಾರಿಯಲ್ಲಿ ದುರಸ್ತಿಗೆ ಸರ್ಕಾರದತ್ತ ನೋಡುತ್ತಲೇ ಇರಬೇಕಾಗುತ್ತದೆ ಎಂಬುದನ್ನೂ ಒಪ್ಪಬೇಕು.

ಇತಿಹಾಸಕ್ಕಾಗಿ ಬರುವವರು, ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ನಡೆಸುವ ಮಾರ್ಗದರ್ಶಿ ಪ್ರವಾಸಕ್ಕೆ ಟಿಕೆಟ್ ತೆಗೆದುಕೊಳ್ಳುವುದು ಒಳ್ಳೆಯದು. ಶಿಕ್ಷೆಗೊಳಗಾದ ಕೈದಿಗಳು ಕಲ್ಲು ಒಡೆಯುತ್ತಿದ್ದ ಎಚ್ ಡಿವಿಷನ್ನಿನ ಅಂಗಳ ಬರಿಗಣ್ಣಿಗೆ ಹೆಚ್ಚೇನೂ ಹೇಳುವುದಿಲ್ಲ. ವಿವರಿಸುವವರು ಜೊತೆಗಿದ್ದಾಗಲೇ ಅದರ ಅರ್ಥ ತಿಳಿಯುತ್ತದೆ. ಮನೆ ಕೊಳ್ಳುವ ಯೋಚನೆಯಿರುವವರು ಹಗಲಿನಲ್ಲಿ ಒಮ್ಮೆ, ಸಿನಿಮಾ ಬಿಡುವ ಹೊತ್ತಿಗೆ ಇನ್ನೊಮ್ಮೆ ಬಂದು, ಜನಸಂದಣಿಯ ಸದ್ದು ತಮ್ಮ ಬಾಲ್ಕನಿಗೆ ಎಷ್ಟು ಮುಟ್ಟುತ್ತದೆ ಎಂದು ಕೇಳಿಸಿಕೊಂಡು ಮುಂಗಡ ಕೊಡಲಿ.