ಎರಡು ವರ್ಷ ಟೋರಿ ಲೈನ್ ಬಳಸಿದ ಮೇಲೆ: ಸಿಕ್ಕು ಬಿಡಿಸುವವನ ವಿಮರ್ಶೆ

ಮಲ್ಪೆಯ ದೋಣಿಗಳಲ್ಲಿ ಕೆಲಸ ಕಲಿತ ನಾನು, ನಮೀಬಿಯಾದ ವಾಲ್ವಿಸ್ ಬೇ ಬಂದರಿನಿಂದ ಹೇಕ್ ಮೀನಿಗೆ ಹೊರಡುವ, ಉದ್ದ ಹಗ್ಗಕ್ಕೆ ಸಾಲುಸಾಲು ಗಾಳ ಕಟ್ಟಿ ಬಿಡುವ ಲಾಂಗ್‌ಲೈನ್ ಹಡಗೊಂದರ ಹಿಂಬದಿಯ ಡೆಕ್ಕಿನಲ್ಲಿ ಎರಡು ವರ್ಷ ಕಳೆದಿದ್ದೇನೆ. ಗಾಳ ಬಿಡುವಾಗಲೆಲ್ಲ ಹಕ್ಕಿ ಬೆದರಿಸುವ ಟೋರಿ ಲೈನನ್ನು ಇಳಿಸುವುದೂ ಮರಳಿ ಎಳೆಯುವುದೂ ನನ್ನ ಪಾಲಿನ ಕೆಲಸವಾದ್ದರಿಂದ, ಇಲ್ಲಿ ಸಿಕ್ಕಿನ ಮಾತೇ ಹೆಚ್ಚಾದರೆ ಓದುಗರು ಮನ್ನಿಸಬೇಕು.

ಟೋರಿ ಎಂದರೆ ಜಪಾನೀ ಭಾಷೆಯಲ್ಲಿ ಹಕ್ಕಿ. ಎರೆ ಕದಿಯುವ ಹಕ್ಕಿಗಳ ಕಾಟಕ್ಕೆ ಅಲ್ಲಿನ ಟ್ಯೂನಾ ಮೀನುಗಾರರೇ ಕಂಡುಕೊಂಡ ಉಪಾಯವಿದು; ನಮ್ಮ ಕಡೆ ಹೊಲದ ಮೇಲೆ ಹಳೆಯ ಕ್ಯಾಸೆಟ್ ಟೇಪು ಬಿಗಿಯುತ್ತಾರಲ್ಲ, ಅದರ ಕಡಲಿನ ದಾಯಾದಿ. ಹಡಗಿನ ಹಿಂಬದಿಯ ಕಂಬದಿಂದ ಹೊರಟ ಹಗ್ಗದಲ್ಲಿ ಬಣ್ಣದ ಪಟ್ಟಿಗಳು ಜೋಲಾಡುತ್ತವೆ, ನೀರಿಗೆ ಬಿದ್ದ ಬೋಯ್ ಎಂಬ ತೇಲುಗುಂಡು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ, ಗಾಳಗಳು ಅದರ ಅಡಿಯಲ್ಲಿ ಮುಳುಗುತ್ತವೆ.

ಅಡ್ಡಗಾಳಿ ಬೀಸಿತೋ, ಬೋಯ್ ಪಕ್ಕಕ್ಕೆ ಸರಿದು ಗಾಳದ ಹಗ್ಗವನ್ನೇ ಹಿಡಿದುಕೊಳ್ಳುತ್ತದೆ. ಚಳಿಯಲ್ಲಿ ಬೆರಳು ಮರಗಟ್ಟಿರುವಾಗ ಅರ್ಧ ಗಂಟೆ ಆ ಸಿಕ್ಕು ಬಿಡಿಸಿದವನಿಗೆ ಹಕ್ಕಿಗಳ ಮೇಲೆ ಪ್ರೀತಿ ಉಳಿಯುವುದು ಕಷ್ಟ. ಆಲ್ಬಟ್ರಾಸ್ ಹೆಚ್ಚಾಗಿ ಹಗಲಲ್ಲಿ ಎರಗುವ ಹಕ್ಕಿ, ಕತ್ತಲಲ್ಲಿ ಗಾಳ ಬಿಡುವ ನಮಗೆ ಈ ಹಗ್ಗವೇಕೆ ಎಂದು ಮೊದಲ ಆರು ತಿಂಗಳು ಗೊಣಗಿದ್ದೇನೆ.

ಆ ಗೊಣಗಾಟಕ್ಕೆ ಉತ್ತರ ಸಿಕ್ಕಿದ್ದು ಒಂದು ಬೆಳದಿಂಗಳ ರಾತ್ರಿ. ಸಿಕ್ಕು ಬಿಡಿಸಲಾಗದೆ ಟೋರಿ ಲೈನನ್ನೇ ಕಡಿದು, ಅದಿಲ್ಲದೆ ಉಳಿದ ಗಾಳಗಳನ್ನು ಬಿಟ್ಟೆವು. ಮರುದಿನ ಹಗ್ಗ ಎಳೆದಾಗ ಮೀನುಗಳ ನಡುವೆ ಬಿಳಿ ಗಲ್ಲದ ಪೆಟ್ರೆಲ್ ಎಂಬ ನಾಲ್ಕು ಕಡಲಹಕ್ಕಿಗಳು ಕೊಕ್ಕಿಗೆ ಗಾಳ ಚುಚ್ಚಿಕೊಂಡು ನೆನೆದ ಬಟ್ಟೆಯಂತೆ ಮೇಲೆ ಬಂದವು. ಈ ಹಕ್ಕಿ ರಾತ್ರಿಯೂ ಮೇಯುತ್ತದೆ, ಮುಳುಗುವ ಎರೆಯನ್ನು ನೀರೊಳಗೂ ಬೆನ್ನಟ್ಟುತ್ತದೆ, ಮತ್ತು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ನಮೀಬಿಯಾದಲ್ಲಿ 2015ರಲ್ಲಿ ಟೋರಿ ಲೈನ್ ಕಡ್ಡಾಯವಾದ ಮೇಲೆ ಇಂಥ ಹಡಗುಗಳಲ್ಲಿ ಹಕ್ಕಿಗಳ ಸಾವು ಶೇ. 98ರಷ್ಟು ಇಳಿಯಿತೆಂಬ, ಕಡಲಹಕ್ಕಿಗಳನ್ನು ಉಳಿಸಲು ದುಡಿಯುವ ಆಲ್ಬಟ್ರಾಸ್ ಟಾಸ್ಕ್ ಫೋರ್ಸ್ ತಂಡದ ಲೆಕ್ಕವನ್ನು ನಾನು ಕೇಳಿದ್ದೆನಾದರೂ ನಂಬಿದ್ದು ಅಂದೇ.

ಆಮೇಲೆ ತಿಳಿದದ್ದೆಂದರೆ, ದೋಷ ಹಗ್ಗದ್ದಲ್ಲ, ನಮ್ಮ ಗಿಡ್ಡ ಕಂಬದ್ದು. ಹಗ್ಗ ಎಷ್ಟು ದೂರ ಗಾಳಿಯಲ್ಲಿ ತೇಲುತ್ತದೋ ಅಷ್ಟು ದೂರವೇ ಎರೆಗೆ ಕಾವಲು. ಕಂಬ ತಗ್ಗಿದ್ದರೆ ಅದು ಬೇಗ ನೀರಿಗಿಳಿದು ಸಿಕ್ಕಿಗೆ ದಾರಿಮಾಡುತ್ತದೆ. ಕಂಬ ಎತ್ತರಿಸುವ ವೆಲ್ಡಿಂಗಿಗೆ ಹಗ್ಗಕ್ಕಿಂತ ಹೆಚ್ಚು ಖರ್ಚಾಯಿತೆಂದು ಕ್ಯಾಪ್ಟನ್ ಇಂದಿಗೂ ಹೇಳುತ್ತಾರೆ. ಆದರೆ ಮೀನಿನ ಪಾಲಿನ ಮೇಲೆ ಸಂಬಳ ಪಡೆಯುವ ನಮಗೆ, ಹಕ್ಕಿ ಕದ್ದ ಎರೆಯೆಂದರೆ ಮೀನು ಸಿಗದ ಗಾಳ.

ಈಗ ಈ ಕೆಲಸದಲ್ಲಿ ಒಂದು ಬಗೆಯ ಸುಖವೂ ಇದೆ. ಎಳೆದ ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು, ಪಟ್ಟಿಗಳನ್ನು ಒಂದೊಂದಾಗಿ ನೇವರಿಸಿ, ಕಂಬದ ತುದಿ ಅಡಿಗೆ ಬೋಯ್ ಮೇಲಕ್ಕೆ ಬರುವಂತೆ ಬಕೆಟ್ಟಿನಲ್ಲಿ ಸುತ್ತಿಡುತ್ತೇನೆ; ನಾಳೆ ಮೊದಲು ಇಳಿಯಬೇಕಾದದ್ದು ಬೋಯ್ ತಾನೇ. ಕತ್ತಲಲ್ಲಿ ಪಟ್ಟಿಗಳು ಪಟಪಟನೆ ಬಡಿದುಕೊಳ್ಳುವ ಸದ್ದಿನಲ್ಲೇ ಗಾಳಿಯ ದಿಕ್ಕು ತಿಳಿಯುತ್ತದೆ.

ಐದಕ್ಕೆ ನಾಲ್ಕು ಅಂಕ. ಎಳೆತ ಮಿತಿಮೀರಿದರೆ ತಾನೇ ಕಳಚಿಕೊಳ್ಳುವ ಕೊಂಡಿಯೊಂದನ್ನು ಬೋಯಿಯ ಬಳಿ ನಾವೇ ಕಟ್ಟಿಕೊಳ್ಳಬೇಕಾಯಿತು. ಕೊಳ್ಳುವವರು ಎರಡು ಜೊತೆ ಕೊಳ್ಳಿ. ನಮ್ಮ ಎರಡನೆಯದು ಕಂಬ ಎತ್ತರಿಸಿದಂದಿನಿಂದ ಬಕೆಟ್ಟಿನಲ್ಲೇ ಇದೆ.