ಲ್ಯಾಪ್‌ಟಾಪ್‌ನಿಂದ ಟಿವಿಗೆ: ಮಿರಾಕಾಸ್ಟ್, ಗೂಗಲ್ ಕಾಸ್ಟ್, ಡಿಎಲ್‌ಎನ್‌ಎ

ಕೊಪ್ಪಳದ ಹಳೇ ಮನೆಗಳ ಕಲ್ಲಿನ ಗೋಡೆ ದಾಟುವುದು ವೈ-ಫೈಗೆ ಸುಲಭವಲ್ಲ. ನಮ್ಮ ಮನೆಯಲ್ಲಿ ರೂಟರ್ ಪಡಸಾಲೆಯಲ್ಲಿದೆ, ಟಿವಿ ಒಳಗಿನ ಕೋಣೆಯಲ್ಲಿದೆ. ವೈರ್ ಎಳೆಯದೆ ವಿಡಿಯೊ ತೋರಿಸಲು ಯಾವ ದಾರಿ ಒಳ್ಳೆಯದು ಅಂತ ನೋಡಬೇಕಿತ್ತು. ಗವಿಮಠದ ಜಾತ್ರೆಯಲ್ಲಿ ಮೊಬೈಲ್‌ನಲ್ಲಿ ತೆಗೆದ ತೇರಿನ ವಿಡಿಯೊವನ್ನೇ ಪರೀಕ್ಷೆಗೆ ಇಟ್ಟುಕೊಂಡೆ.

ಮೊದಲು ಮಿರಾಕಾಸ್ಟ್. 2012ರಲ್ಲಿ ಬಂದ ತಂತ್ರ ಇದು. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಟಿವಿ ಹೆಸರು ಬರುತ್ತದೆ. ರೂಟರ್ ಬೇಕಿಲ್ಲ, ಲ್ಯಾಪ್‌ಟಾಪ್ ನೇರವಾಗಿ ಟಿವಿ ಜೊತೆ ಮಾತಾಡುತ್ತದೆ. ಕರೆಂಟ್ ಹೋಗಿ ರೂಟರ್ ಆಫ್ ಆದರೂ, ಟಿವಿ ಇನ್ವರ್ಟರ್ ಮೇಲಿದ್ದರೆ ಚಿತ್ರ ನಿಲ್ಲುವುದಿಲ್ಲ. ನಮ್ಮ ಕಡೆ ಇದು ಸಣ್ಣ ಲಾಭವಲ್ಲ.

ಆದರೆ ಇಲ್ಲಿ ಹೋಗುವುದು ವಿಡಿಯೊ ಫೈಲ್ ಅಲ್ಲ, ಪರದೆಯ ನಕಲು. ಲ್ಯಾಪ್‌ಟಾಪ್ ಪ್ರತಿ ಕ್ಷಣ ತನ್ನ ಪರದೆಯನ್ನು ಹಿಡಿದು, ಹೊಸದಾಗಿ ಕುಗ್ಗಿಸಿ ಕಳಿಸಬೇಕು. ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ತೇರು ನಿಧಾನಕ್ಕೆ ಬರುವಾಗ ಎಲ್ಲ ಸರಿಯಿತ್ತು. ಜನ ಉತ್ತತ್ತಿ ಎಸೆಯಲು ಶುರು ಮಾಡಿದ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆಯಿತು. ಸಾವಿರಾರು ತಲೆ, ಮೇಲೆ ಹಾರುವ ಸಣ್ಣ ಸಣ್ಣ ಚುಕ್ಕೆಗಳು, ಇವನ್ನೆಲ್ಲ ಅಷ್ಟು ಬೇಗ ಕುಗ್ಗಿಸುವುದು ಅದಕ್ಕೆ ಕಷ್ಟ. ಫೋಟೊ ತೋರಿಸಲು, ಮಕ್ಕಳ ಪಾಠದ ಸ್ಲೈಡ್ ತೋರಿಸಲು ಮಿರಾಕಾಸ್ಟ್ ಸಾಕು. ಓಡಾಟ ಜಾಸ್ತಿ ಇರುವ ವಿಡಿಯೊಗೆ ನಾನು ಬಳಸುವುದಿಲ್ಲ.

ಗೂಗಲ್ ಕಾಸ್ಟ್ ಬೇರೆ ಥರ. ಯೂಟ್ಯೂಬ್‌ನಲ್ಲಿ ಕಾಸ್ಟ್ ಗುರುತು ಒತ್ತಿದರೆ ಲ್ಯಾಪ್‌ಟಾಪ್ ಬರೀ ವಿಳಾಸ ಹೇಳುತ್ತದೆ, ವಿಡಿಯೊವನ್ನು ಟಿವಿ ತಾನೇ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಮುಚ್ಚಿದರೂ ಹಾಡು ಮುಂದುವರಿಯುತ್ತದೆ. ಇಂಟರ್ನೆಟ್ ವಿಡಿಯೊಗೆ ಇದಕ್ಕಿಂತ ಹಗುರಾದ ದಾರಿ ನನಗೆ ಕಂಡಿಲ್ಲ. ಕ್ರೋಮ್‌ನ ಇಡೀ ಟ್ಯಾಬ್ ಕಾಸ್ಟ್ ಮಾಡಿದರೆ ಮಾತ್ರ ಮತ್ತೆ ನಕಲಿನ ಕೆಲಸವೇ, ಲ್ಯಾಪ್‌ಟಾಪ್ ಮೇಲೆ ಅದೇ ಭಾರ. ಎರಡಕ್ಕೂ ಕ್ರೋಮ್‌ನಲ್ಲಿ ಒಂದೇ ಥರದ ಗುರುತು ಕಾಣುವುದರಿಂದ ಬಹಳ ಜನರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ನಮ್ಮ ಸ್ವಂತ ಫೈಲ್‌ಗೆ ಗೆದ್ದದ್ದು ಡಿಎಲ್‌ಎನ್‌ಎ, ಅಂದರೆ ಒಂದೇ ವೈ-ಫೈನಲ್ಲಿರುವ ಲ್ಯಾಪ್‌ಟಾಪ್‌ನಿಂದ ಟಿವಿಗೆ ಫೈಲ್ ಕಳಿಸುವ ಪದ್ಧತಿ. ಹಳೇದು, ಆದರೆ ಗಟ್ಟಿ. ವಿಂಡೋಸ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಸ್ಟ್ ಟು ಡಿವೈಸ್’ ಆರಿಸಿದರೆ ಆಯ್ತು. ಫೈಲ್ ಇದ್ದ ಹಾಗೇ ಹೋಗುತ್ತದೆ, ಬಿಡಿಸಿ ತೋರಿಸುವುದು ಟಿವಿ ಕೆಲಸ. ಗಾಳಿಯಲ್ಲಿ ಹಾರುವ ಒಂದೊಂದು ಉತ್ತತ್ತಿಯೂ ಕಾಣಿಸಿತು! ತೊಂದರೆ ಇಲ್ಲ ಅಂತಲ್ಲ. ಟಿವಿಗೆ ಗೊತ್ತಿಲ್ಲದ ಫಾರ್ಮ್ಯಾಟ್ ಆದರೆ ಸುಮ್ನೆ ಎರರ್ ತೋರಿಸುತ್ತದೆ. ಕೆಲವು ಫೈಲ್‌ಗಳಲ್ಲಿ ಚಿತ್ರ ಬಂದು ಧ್ವನಿ ಬರುವುದಿಲ್ಲ. ಆಗ ವಿಎಲ್‌ಸಿ ಎಂಬ ಉಚಿತ ವಿಡಿಯೊ ಪ್ಲೇಯರ್ ತೆರೆಯಿರಿ. 2018ರ 3.0 ಆವೃತ್ತಿಯಿಂದ ಅದು ಕ್ರೋಮ್‌ಕಾಸ್ಟ್‌ಗೆ (ಟಿವಿಗೆ ಚುಚ್ಚುವ, ಗೂಗಲ್ ಕಾಸ್ಟ್ ಬಳಸುವ ಸಾಧನ) ಕಳಿಸುತ್ತದೆ, ಬೇಕಾದರೆ ಫಾರ್ಮ್ಯಾಟನ್ನೂ ಬದಲಿಸುತ್ತದೆ.

ಮ್ಯಾಕ್ ಇದ್ದವರಿಗೆ ಇದೇ ಕೆಲಸಕ್ಕೆ ಆಪಲ್‌ನ ಏರ್‌ಪ್ಲೇ ಇದೆ. ಟಿವಿ ಅದನ್ನು ಒಪ್ಪುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಗೋಡೆಯ ವಿಷಯ. ವೈ-ಫೈನ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ವೇಗ ಜಾಸ್ತಿ, ಆದರೆ ಕಲ್ಲು ದಾಟುವ ಶಕ್ತಿ ಕಡಿಮೆ. 2.4 ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ಸಿಗ್ನಲ್ ಎಲ್ಲ ಅಲ್ಲೇ ತುಂಬಿಕೊಂಡಿರುತ್ತದೆ. ಆಗುವುದಾದರೆ ರೂಟರ್ ಟಿವಿ ಇರುವ ಕೋಣೆಗೇ ಬರಲಿ.

ವೈ-ಫೈ ಇಲ್ಲದ ನೆಂಟರ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಟಿವಿ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೆ ಸೇರಿಸಿ ಡಿಎಲ್‌ಎನ್‌ಎ ಬಳಸಿ. ವಿಡಿಯೊ ಆ ಎರಡರ ನಡುವೆಯೇ ಓಡುವುದರಿಂದ ಅದಕ್ಕೆ ಡೇಟಾ ಖರ್ಚಾಗುವುದಿಲ್ಲ. ಲ್ಯಾಪ್‌ಟಾಪ್‌ನ ಅಪ್‌ಡೇಟ್ ಮಾತ್ರ ನಿಲ್ಲಿಸಿರಿ, ಅದು ಡೇಟಾ ತಿನ್ನುತ್ತದೆ.